ಪೀಠದ ಮೇಲೆ ಯಾರನ್ನು ನಿಲ್ಲಿಸಬೇಕು?

ದೆಹಲಿಯ ಸಂಸದ್ ಮಾರ್ಗದಲ್ಲಿರುವ ರಿಸರ್ವ್ ಬ್ಯಾಂಕ್ ಕಟ್ಟಡದ ಬಾಗಿಲಿಗೆ ಇಬ್ಬರು ಕಾವಲಿದ್ದಾರೆ. ಒಂದು ಕಡೆ ಯಕ್ಷ, ಇನ್ನೊಂದು ಕಡೆ ಯಕ್ಷಿ. ಇಬ್ಬರೂ ಕಲ್ಲಿನವರು, ಇಪ್ಪತ್ತು ಅಡಿಗೂ ಎತ್ತರ. ಯಕ್ಷನ ಹತ್ತಿರ ಹಣದ ಚೀಲವಿದೆ, ಜೊತೆಗೆ ಯಂತ್ರದ ಹಲ್ಲುಚಕ್ರವೂ ಇದೆ. ಯಕ್ಷಿಯ ಹತ್ತಿರ ಹೂವು, ಪೈರಿನ ತೆನೆ. ಅವನು ಕೈಗಾರಿಕೆ, ಅವಳು ಬೇಸಾಯ. ಮೈಕಟ್ಟು ಎರಡು ಸಾವಿರ ವರ್ಷ ಹಳೆಯದು. ಕೈಯಲ್ಲಿರುವುದು ಮಾತ್ರ ಪಂಚವಾರ್ಷಿಕ ಯೋಜನೆಯ ಕಾಲದ್ದು.

ಬಹಳಷ್ಟು ಜನ ಅವರನ್ನು ನೋಡದೆಯೇ ಹೋಗುತ್ತಾರೆ. ಆ ರಸ್ತೆಯಲ್ಲಿ ಆಟೊ ನಿಲ್ಲುವುದಿಲ್ಲ, ಗೇಟಿನ ಹತ್ತಿರ ನಿಂತರೆ ಕಾವಲಿನವರು ಏನು ಬೇಕು ಎಂದು ಕೇಳುತ್ತಾರೆ. ನಾನು ಎದುರುಗಡೆಯ ಫುಟ್‌ಪಾತ್‌ನಲ್ಲಿ ನಿಂತು ನೋಡಿದವನು. ನೋಡಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆಗಷ್ಟೇ ಸ್ವತಂತ್ರವಾದ ದೇಶವೊಂದು ತನ್ನ ಹಣಕಾಸಿನ ಮನೆಯ ಮುಂದೆ ನಿಲ್ಲಿಸಲು ಇವರನ್ನೇ ಯಾಕೆ ಹುಡುಕಿತು? ಗಾಂಧಿ ಇರಲಿಲ್ಲವೇ, ಲಕ್ಷ್ಮಿ ಇರಲಿಲ್ಲವೇ?

ಬಾವುಟಕ್ಕೆ ಬಣ್ಣ ಸಾಕು, ರಾಷ್ಟ್ರಗೀತೆಗೆ ರಾಗ ಸಾಕು. ಶಿಲ್ಪಕ್ಕೆ ಮೈ ಬೇಕು, ಮುಖ ಬೇಕು. ಮೈ ಎಂದ ಕೂಡಲೇ ಯಾರ ಮೈ ಎಂಬ ಪ್ರಶ್ನೆ ಬರುತ್ತದೆ. ಗಂಡಸೋ ಹೆಂಗಸೋ, ಯಾವ ಸೀಮೆಯವರು, ಯಾವ ಬಟ್ಟೆ, ದೇವರೋ ಮನುಷ್ಯರೋ. ಮಾತಿನಲ್ಲಿ 'ನಾವೆಲ್ಲ ಒಂದು' ಎಂದು ಹೇಳಿ ಮುಗಿಸಬಹುದು. ಕಲ್ಲಿನಲ್ಲಿ ಹಾಗೆ ಜಾರಿಕೊಳ್ಳಲು ಆಗುವುದಿಲ್ಲ.

1947ರ ಆಗಸ್ಟ್ 15ರಂದು ಬಾವುಟ ಬದಲಾಯಿತು. ಊರೂರಿನ ಚೌಕಗಳಲ್ಲಿದ್ದ ಕಲ್ಲು, ಕಂಚು ಬದಲಾಗಲಿಲ್ಲ. ಇಂಡಿಯಾ ಗೇಟ್ ಹಿಂದಿನ ಕಲ್ಲಿನ ಮಂಟಪದಲ್ಲಿ ಐದನೇ ಜಾರ್ಜ್‌ನ ಅಮೃತಶಿಲೆಯ ಪ್ರತಿಮೆ ಇನ್ನೂ ಇಪ್ಪತ್ತು ವರ್ಷ ನಿಂತೇ ಇತ್ತು. ಅದನ್ನು ತೆಗೆದು ಊರಾಚೆಯ ಕೊರೊನೇಷನ್ ಪಾರ್ಕ್‌ಗೆ ಸಾಗಿಸಿದ್ದು 1968ರಲ್ಲಿ. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕ್ ಮೂಲೆಯಲ್ಲಿ ವಿಕ್ಟೋರಿಯಾ ರಾಣಿ 1906ರಿಂದ ಇವತ್ತಿನವರೆಗೂ ನಿಂತಿದ್ದಾಳೆ. ಕುದುರೆ ಏರಿದ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ 2020ರವರೆಗೂ ಹೈಕೋರ್ಟ್ ಆವರಣದಲ್ಲೇ ಇದ್ದು, ಆಮೇಲೆ ಪಾರ್ಕಿನ ಒಳಗೆ ಹೋದ.

ಇದನ್ನು ಹೇಡಿತನ ಎನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ರಾಜನನ್ನು ಇಳಿಸುವುದು ಒಂದು ರಾತ್ರಿಯ ಕೆಲಸ. ಇಳಿಸಿದ ಮೇಲೆ ಆ ಜಾಗದಲ್ಲಿ ಯಾರನ್ನು ನಿಲ್ಲಿಸುವುದು ಎಂಬುದು ಆಗ ಯಾರಿಗೂ ಖಚಿತವಿರಲಿಲ್ಲ. ಜಾರ್ಜ್ ಹೋದ ಮೇಲೆ ಆ ಮಂಟಪ 54 ವರ್ಷ ಖಾಲಿ ಇತ್ತು. ಗಾಂಧಿಯನ್ನು ಅಲ್ಲಿ ಕೂರಿಸಬೇಕೆಂಬ ಮಾತು ವರ್ಷಗಟ್ಟಲೆ ನಡೆಯಿತು, ಆಗಲಿಲ್ಲ. ಚಕ್ರವರ್ತಿಗಾಗಿ ಕಟ್ಟಿದ ಮಂಟಪದ ಕೆಳಗೆ ಗಾಂಧಿಯನ್ನು ಕೂರಿಸುವುದೇ ಸರಿಯಲ್ಲ ಎಂಬ ವಾದವೂ ಇತ್ತು. ನನಗೆ ಆ ವಾದ ಸರಿ ಎನಿಸುತ್ತದೆ.

ಹೊಸ ಸರ್ಕಾರ ಮೊದಲು ಕೈ ಹಾಕಿದ್ದು ತೀರ ಹಳೆಯ ಕಲ್ಲಿಗೆ. ಸಾರನಾಥದ ಸಿಂಹಗಳು 1950ರ ಜನವರಿ 26ರಂದು ದೇಶದ ಲಾಂಛನವಾದವು. ಕ್ರಿಸ್ತಪೂರ್ವ ಮೂರನೇ ಶತಮಾನದ ಅಶೋಕನ ಕಂಬದ ತಲೆ ಅದು. ಚುನಾರ್‌ನ ಮರಳುಗಲ್ಲು, ಏಳು ಅಡಿ ಎತ್ತರ, ಕನ್ನಡಿಯ ಹಾಗೆ ನುಣುಪು. 1905ರಲ್ಲಿ ಓರ್ಟೆಲ್ ಎಂಬ ಇಂಜಿನಿಯರ್ ಸಾರನಾಥದಲ್ಲಿ ಅಗೆಸಿದಾಗ ಮಣ್ಣಿನಿಂದ ಎದ್ದು ಬಂತು. ಸಂವಿಧಾನದ ಪುಟಗಳನ್ನು ಅಲಂಕರಿಸಿದ್ದು ನಂದಲಾಲ್ ಬೋಸ್ ಮತ್ತು ಅವರ ಶಾಂತಿನಿಕೇತನದ ತಂಡ. ಆ ತಂಡದಲ್ಲಿದ್ದ ದೀನಾನಾಥ್ ಭಾರ್ಗವ ಎಂಬ ಹುಡುಗನಿಗೆ ಸಿಂಹಗಳನ್ನು ಬರೆಯುವ ಕೆಲಸ ಬಂತು. ನಿಜವಾದ ಸಿಂಹದ ಚಹರೆ ತಿಳಿಯಲೆಂದು ಅವರು ಕಲ್ಕತ್ತೆಯ ಮೃಗಾಲಯಕ್ಕೆ ಹೋಗಿ ಕೂರುತ್ತಿದ್ದರಂತೆ.

ಆಯ್ಕೆ ಜಾಣತನದ್ದು. ದೇಶ ಆಗಷ್ಟೇ ಎರಡು ಹೋಳಾಗಿತ್ತು, ರಕ್ತ ಇನ್ನೂ ಆರಿರಲಿಲ್ಲ. ಯಾವ ದೇವರ ಮುಖ ಇಟ್ಟರೂ ಇನ್ನೊಬ್ಬರಿಗೆ ನೋವಾಗುವ ಸ್ಥಿತಿ. ಯುದ್ಧ ಗೆದ್ದು ಯುದ್ಧಕ್ಕೇ ಬೇಸತ್ತ ರಾಜನೊಬ್ಬ, ಇವತ್ತಿನ ಯಾವ ಗುಂಪೂ ನಮ್ಮವನು ಮಾತ್ರ ಎಂದು ಕಟ್ಟಿಕೊಳ್ಳಲಾಗದಷ್ಟು ದೂರದವನು. ಹಾಗಾಗಿ ಎಲ್ಲರಿಗೂ ಸಲ್ಲುತ್ತಾನೆ.

ಇದೇ ಹೊತ್ತಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಅದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತ ಮತ್ತು ಪಾಕಿಸ್ತಾನದ ಕಲೆಯ ದೊಡ್ಡ ಪ್ರದರ್ಶನವಿತ್ತು. ಅದಕ್ಕೆಂದು ಇಲ್ಲಿನ ಮ್ಯೂಸಿಯಂಗಳಿಂದ ಆಯ್ದ ಶಿಲ್ಪಗಳು ಹಡಗು ಹತ್ತಿದ್ದವು. ಹಿಂದಿರುಗಿದ ಮೇಲೆ ಅವನ್ನು ನೇರವಾಗಿ ಊರುಗಳಿಗೆ ಕಳಿಸಲಿಲ್ಲ. ದೆಹಲಿಯ ಗವರ್ನಮೆಂಟ್ ಹೌಸ್‌ನಲ್ಲಿ, ಅಂದರೆ ಇವತ್ತಿನ ರಾಷ್ಟ್ರಪತಿ ಭವನದಲ್ಲಿ, ಜನ ನೋಡಲೆಂದು ಇಟ್ಟರು. 1949ರ ಆಗಸ್ಟ್ 15ರಂದು ಆಗಿನ ಗವರ್ನರ್ ಜನರಲ್ ರಾಜಾಜಿಯವರು ಅಲ್ಲೇ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ಉದ್ಘಾಟಿಸಿದರು. ಜನಪಥದ ಸ್ವಂತ ಕಟ್ಟಡ ಬಂದದ್ದು 1960ರಲ್ಲಿ. ಆಗಲೂ ಒಂದೆರಡು ಶಿಲ್ಪಗಳು ಭವನ ಬಿಟ್ಟು ಹೊರಡಲಿಲ್ಲ. ಅಶೋಕನ ಕಾಲದ ರಾಂಪೂರ್ವಾದ ಗೂಳಿ ಇವತ್ತಿಗೂ ಅದರ ಕಂಬಗಳ ನಡುವೆ ನಿಂತಿದೆ. ವೈಸರಾಯ್ ದಂಪತಿಯ ಸಿಂಹಾಸನಗಳಿದ್ದ ದರ್ಬಾರ್ ಹಾಲ್‌ನಲ್ಲಿ, ಅಂದರೆ ಈಗಿನ ಗಣತಂತ್ರ ಮಂಟಪದಲ್ಲಿ, ಗುಪ್ತರ ಕಾಲದ ಬುದ್ಧ ನಿಂತಿದ್ದಾನೆ.

ಎಷ್ಟೋ ದೇಗುಲಗಳಿಂದ, ಹೊಲಗಳಿಂದ, ಕೆರೆಗಳಿಂದ ಬಂದ ಕಲ್ಲುಗಳು ಆ ಹಾಲ್‌ಗಳಲ್ಲಿ ಪಕ್ಕಪಕ್ಕ ನಿಂತಾಗ ಬೇರೆಯೇ ಆದವು. ತಮ್ಮ ಊರಿನಲ್ಲಿ ಅವು ಗ್ರಾಮದೇವತೆಯೋ ಜಿನನೋ ಬುದ್ಧನೋ ಆಗಿದ್ದವು. ಇಲ್ಲಿ ಎಲ್ಲಕ್ಕೂ ಸೇರಿ 'ಭಾರತೀಯ ಶಿಲ್ಪ' ಎಂಬ ಒಂದೇ ಚೀಟಿ. ಸಿಕ್ಕಿದ್ದೂ ಇದೆ, ಕಳೆದದ್ದೂ ಇದೆ. ಮದರಾಸಿನವನು ಮಥುರೆಯ ಕಲ್ಲನ್ನು ನಮ್ಮದು ಎನ್ನಲು ಕಲಿತ. ಆದರೆ ಹೂವು, ಎಣ್ಣೆ, ಅರಿಶಿನ ಕಾಣುತ್ತಿದ್ದ ಕಲ್ಲುಗಳು ನಂಬರ್ ಹಾಕಿಸಿಕೊಂಡು ಒಣಗಿದವು. ಇತ್ತ ದೇಶ ಹಂಚಿಕೆಯಾದ ಹಾಗೆ ಹಳೆಯದೂ ಹಂಚಿಕೆಯಾಯಿತು. ಮೊಹೆಂಜೊದಾರೊದ ಕಂಚಿನ ನರ್ತಕಿ ದೆಹಲಿಯಲ್ಲಿ ಉಳಿದಳು. ಅಲ್ಲಿನ ಗಡ್ಡದ ಅರ್ಚಕ-ರಾಜ ಪಾಕಿಸ್ತಾನದ ಪಾಲಾದ. ಕೆಲವು ಹಾರಗಳ ಮಣಿಗಳನ್ನು ಕೂಡ ಬಿಡಿಸಿ ಅರ್ಧರ್ಧ ಹಂಚಿಕೊಂಡರು. ಐದು ಸಾವಿರ ವರ್ಷದ ಹಿಂದೆ ಒಬ್ಬಳ ಕತ್ತಿನಲ್ಲಿ ಇದ್ದ ಹಾರ! ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಳೆಯ ಕಲ್ಲು ಸಿಕ್ಕಿತು, ಸರಿ. ಆಗ ಬದುಕಿದ್ದ ಶಿಲ್ಪಿಗಳು ಏನು ಮಾಡುತ್ತಿದ್ದರು?

ಅವರದು ಕಷ್ಟದ ಪಾಡು. ಸ್ವಾತಂತ್ರ್ಯಕ್ಕೆ ಮೊದಲು ಶಿಲ್ಪಿಗೆ ಕೆಲಸ ಎಂದರೆ ಎರಡೇ ದಾರಿ. ಗುಡಿಗೆ ವಿಗ್ರಹ ಮಾಡಬೇಕು, ಇಲ್ಲವೇ ಆರ್ಟ್ ಸ್ಕೂಲಿನಲ್ಲಿ ಗ್ರೀಕ್ ಪ್ರತಿಮೆಗಳ ಪ್ಲಾಸ್ಟರ್ ನಕಲು ನೋಡಿ ಕಲಿತು, ಗವರ್ನರುಗಳ, ರಾಯಬಹದ್ದೂರರ ಎದೆಮಟ್ಟದ ಪ್ರತಿಮೆ ಮಾಡಬೇಕು. ಮದರಾಸಿನ ದೇವಿಪ್ರಸಾದ್ ರಾಯ್ ಚೌಧುರಿ ಈ ಎರಡನೇ ದಾರಿಯವರು. ಹುಟ್ಟಿದ್ದು 1899ರಲ್ಲಿ, ಇವತ್ತು ಬಾಂಗ್ಲಾದೇಶದಲ್ಲಿರುವ ರಂಗಪುರದ ಕಡೆ. 1929ರಿಂದ ಸುಮಾರು ಮೂರು ದಶಕ ಮದರಾಸು ಆರ್ಟ್ ಸ್ಕೂಲಿನ ಮುಖ್ಯಸ್ಥರು. 1954ರಲ್ಲಿ ಲಲಿತ ಕಲಾ ಅಕಾಡೆಮಿ ಶುರುವಾದಾಗ ಮೊದಲ ಅಧ್ಯಕ್ಷರು. ಕುಸ್ತಿ ಆಡುತ್ತಿದ್ದ ಮನುಷ್ಯ. ಅವರು ಮಾಡಿದ ಕಂಚಿನ ಮೈಗಳಲ್ಲಿ ಆ ಕುಸ್ತಿ ಕಾಣುತ್ತದೆ.

ಪಟ್ನಾದ ಸೆಕ್ರೆಟೇರಿಯಟ್ ಎದುರಿನ ಹುತಾತ್ಮ ಸ್ಮಾರಕ ಅವರದು. 1942ರ ಆಗಸ್ಟ್ 11ರಂದು ಆ ಕಟ್ಟಡದ ಮೇಲೆ ಬಾವುಟ ಹಾರಿಸಲು ಹೋದ ಏಳು ವಿದ್ಯಾರ್ಥಿಗಳು ಗುಂಡಿಗೆ ಸತ್ತರು. ಸ್ವಾತಂತ್ರ್ಯ ಬಂದ ದಿನವೇ ಸ್ಮಾರಕಕ್ಕೆ ಅಡಿಗಲ್ಲು ಹಾಕಿದರು. 1956ರಲ್ಲಿ ರಾಜೇಂದ್ರ ಪ್ರಸಾದ್ ಅನಾವರಣ ಮಾಡಿದರು. ಏಳು ಹುಡುಗರು, ಒಬ್ಬರ ಹಿಂದೊಬ್ಬರು. ಮುಂದಿನವನ ಕೈಯಲ್ಲಿ ಬಾವುಟ, ಒಬ್ಬ ಆಗಲೇ ಬಿದ್ದಿದ್ದಾನೆ, ಇನ್ನೊಬ್ಬ ಬೀಳುತ್ತಿದ್ದಾನೆ. ಈ ಕಂಚನ್ನು ಎರಕ ಹೊಯ್ದು ತಂದದ್ದು ಇಟಲಿಯಿಂದ. ಹೊಸ ದೇಶ ತನ್ನ ಹುಡುಗರ ನೆನಪನ್ನು ಹೊರದೇಶದ ಕುಲುಮೆಯಲ್ಲಿ ಎರಕ ಹೊಯ್ಸಬೇಕಾಗಿತ್ತು.

ಚೆನ್ನೈಗೆ ಹೋದವರೆಲ್ಲ ಅವರ ಇನ್ನೊಂದು ಕೆಲಸ ನೋಡಿರುತ್ತಾರೆ. ಮರೀನಾ ಬೀಚಿನಲ್ಲಿ ನಾಲ್ವರು ಗಂಡಸರು ಒಂದು ಬಂಡೆಯನ್ನು ಮೀಟುತ್ತಿದ್ದಾರೆ. 1959ರ ಜನವರಿ 25ರಂದು, ಗಣರಾಜ್ಯೋತ್ಸವದ ಹಿಂದಿನ ದಿನ, ಅದು ಅಲ್ಲಿ ನಿಂತಿತು. ಮೈಮೇಲೆ ಬಟ್ಟೆ ಇಲ್ಲದಷ್ಟು ಕಡಿಮೆ. ಬೆನ್ನು ಬಿಗಿದಿದೆ, ಕಾಲು ನೆಲಕ್ಕೆ ಊರಿದೆ. ಯಾರೂ ನಮ್ಮ ಕಡೆ ನೋಡುತ್ತಿಲ್ಲ. ನಮಸ್ಕಾರ ಮಾಡಲು, ಹಾರ ಹಾಕಲು ಅಲ್ಲಿ ಯಾರೂ ಇಲ್ಲ. ಒಬ್ಬರಿಗೂ ಹೆಸರಿಲ್ಲ. ಅವರಿಗೆ ಮಾದರಿಯಾಗಿ ನಿಂತವರಲ್ಲಿ ಆರ್ಟ್ ಸ್ಕೂಲಿನ ವಾಚ್‌ಮನ್ ಕೂಡ ಇದ್ದರು ಎಂದು ಚೆನ್ನೈನವರು ಹೇಳುತ್ತಾರೆ. ಕಾರ್ಮಿಕ ನಾಯಕ ಸಿಂಗಾರವೇಲರ್ 1923ರಲ್ಲಿ ದೇಶದ ಮೊದಲ ಮೇ ದಿನ ಆಚರಿಸಿದ್ದು ಇದೇ ಕಡಲ ತೀರದಲ್ಲಿ.

ಕೆಲವರು ರಾಯ್ ಚೌಧುರಿಯವರದು ಪೂರ್ತಿ ಯುರೋಪಿನ ಕೈ, ಇದರಲ್ಲಿ ಭಾರತೀಯತೆ ಎಲ್ಲಿದೆ ಎಂದು ಕೇಳುತ್ತಿದ್ದರು. ಕೇಳುವುದು ತಪ್ಪಲ್ಲ. ಮಾಂಸಖಂಡ ಮಾಂಸಖಂಡವನ್ನೂ ತೋರಿಸುವ ಈ ರೀತಿ ನಮ್ಮ ಹಳೆಯ ಶಿಲ್ಪದಲ್ಲಿ ಇಲ್ಲ. ನಮ್ಮಲ್ಲಿ ಮೈ ಒಳಗಿನ ಉಸಿರಿನಿಂದ ತುಂಬಿಕೊಂಡಿರುತ್ತದೆ, ಎಲುಬು ಸ್ನಾಯು ಹೊರಗೆ ಕಾಣುವುದಿಲ್ಲ. ಆದರೂ ಬೀಚಿನ ಆ ನಾಲ್ವರನ್ನು ಒಮ್ಮೆ ನೋಡಿ. ಗುಡಿಯ ಒಳಗೂ ಅರಮನೆಯ ಮುಂದೂ ಜಾಗ ಸಿಗದಿದ್ದ ಕೂಲಿಯಾಳುಗಳು ಅವರು. ಅವರನ್ನು ತಂದು ಪೀಠದ ಮೇಲೆ ಹತ್ತಿಸಿದ್ದೇ ಒಂದು ಹೊಸ ದೇಶದ ಕೆಲಸ ಅಲ್ವಾ? ಕೈಯ ರೀತಿ ಎಲ್ಲಿಂದ ಬಂತು ಎಂಬುದಕ್ಕಿಂತ ನನಗೆ ಇದು ಮುಖ್ಯ.

ರೀತಿ ಮತ್ತು ಮನುಷ್ಯ ಎರಡನ್ನೂ ಒಟ್ಟಿಗೆ ಹಿಡಿದವರು ರಾಮ್‌ಕಿಂಕರ್ ಬೈಜ್. ಅವರ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

1906ರಲ್ಲಿ ಬಂಗಾಳದ ಬಾಂಕುರಾದಲ್ಲಿ ಹುಟ್ಟಿದರು, ಕ್ಷೌರದ ಕೆಲಸದ ಬಡ ಮನೆತನ. 1925ರಲ್ಲಿ ಶಾಂತಿನಿಕೇತನಕ್ಕೆ ಬಂದವರು ಜೀವಮಾನವಿಡೀ ಅಲ್ಲೇ ಉಳಿದರು. ಸುತ್ತ ಕೆಂಪು ಮಣ್ಣು, ಸಂತಾಲ ಆದಿವಾಸಿಗಳ ಹಳ್ಳಿಗಳು. ಅವರಿಗೆ ಅಮೃತಶಿಲೆ ಕೊಳ್ಳಲು ದುಡ್ಡಿಲ್ಲ, ಕಂಚು ಎರಕ ಹೊಯ್ಯಲು ಅನುಕೂಲವಿಲ್ಲ. ಸಿಮೆಂಟಿಗೆ ಕೆಂಪು ಜಲ್ಲಿ ಕಲಸಿದರು. ಕಬ್ಬಿಣದ ಸರಳಿನ ಅಸ್ಥಿಪಂಜರ ಕಟ್ಟಿ ಅದರ ಮೇಲೆ ಹಿಡಿಹಿಡಿಯಾಗಿ ಎಸೆದರು. 1938ರಲ್ಲಿ ಅಲ್ಲಿನ ಕಲಾಶಾಲೆಯಾದ ಕಲಾಭವನದ ಬಯಲಿನಲ್ಲಿ 'ಸಂತಾಲ ಕುಟುಂಬ' ಹೀಗೆ ಎದ್ದು ನಿಂತಿತು. ಗಂಡ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ, ಒಂದು ಬುಟ್ಟಿಯಲ್ಲಿ ಮಗು, ಇನ್ನೊಂದರಲ್ಲಿ ಸಾಮಾನು. ಹೆಂಡತಿಯ ತಲೆಯ ಮೇಲೆ ಹೊರೆ, ಸೊಂಟದಲ್ಲಿ ಇನ್ನೊಂದು ಕೂಸು. ಜೊತೆಗೆ ನಾಯಿ. ಕೆಲಸ ಹುಡುಕಿ ಊರು ಬಿಟ್ಟು ನಡೆಯುತ್ತಿದ್ದಾರೆ. ಯಾರೂ ಆರ್ಡರ್ ಕೊಟ್ಟು ಮಾಡಿಸಿದ್ದಲ್ಲ. ಪೀಠ ಎಷ್ಟು ಗಿಡ್ಡ ಎಂದರೆ ಅವರ ಜೊತೆ ನಾವೂ ಹೆಜ್ಜೆ ಹಾಕಬಹುದು ಅನಿಸುತ್ತದೆ. ಮೈಮೇಲೆ ನುಣುಪು ಎಂಬುದೇ ಇಲ್ಲ, ನೆಲದ ಜಲ್ಲಿಯೇ ಎದ್ದು ನಡೆದ ಹಾಗೆ. ಸ್ವಾತಂತ್ರ್ಯಕ್ಕೆ ಒಂಬತ್ತು ವರ್ಷ ಮೊದಲೇ ಒಬ್ಬ ಬಡ ಮೇಷ್ಟ್ರು ಹೊಸ ದೇಶದ ಮುಖವನ್ನು ಸದ್ದಿಲ್ಲದೆ ಮಾಡಿ ಬಯಲಿನಲ್ಲಿ ನಿಲ್ಲಿಸಿದ್ದರು.

1956ರಲ್ಲಿ ಅದರ ಹತ್ತಿರವೇ 'ಮಿಲ್ಲಿನ ಕರೆ' ಬಂತು. ಸೈರನ್ ಕೂಗಿದೆ. ಇಬ್ಬರು ಹೆಂಗಸರು ಮಿಲ್ಲಿನ ಕಡೆ ಓಡುತ್ತಿದ್ದಾರೆ. ಒದ್ದೆ ಬಟ್ಟೆ ಒಣಗಲಿ ಎಂದು ಗಾಳಿಗೆ ಹಿಡಿದೇ ಓಡುತ್ತಿದ್ದಾರೆ, ಅದಕ್ಕೆಂದು ನಿಲ್ಲಲು ಅವರಿಗೆ ಹೊತ್ತಿಲ್ಲ. ಮೊದಲನೆಯದರಲ್ಲಿ ಊರು ಬಿಟ್ಟು ನಡೆದವರು ಇಲ್ಲಿ ಕಾರ್ಖಾನೆ ಸೇರಿದ್ದಾರೆ. ಐವತ್ತರ ದಶಕದ ಇತಿಹಾಸವನ್ನು ನಾನು ಪುಸ್ತಕಕ್ಕಿಂತ ಚೆನ್ನಾಗಿ ಈ ಎರಡರಿಂದ ಕಲಿತೆ.

ಇಂಥವರಿಗೆ ರಿಸರ್ವ್ ಬ್ಯಾಂಕ್ ಕೆಲಸ ಹೇಗೆ ಸಿಕ್ಕಿತು ನೋಡಿ. ಹೊಸ ಸರ್ಕಾರಿ ಕಟ್ಟಡಗಳು ಬೇಕಾದಷ್ಟು ಏಳುತ್ತಿದ್ದವು. ಅವುಗಳಿಗೆ ನಮ್ಮ ಶಿಲ್ಪಿಗಳ, ಚಿತ್ರಕಾರರ ಕೈ ಸೇರಲಿ, ಅವರಿಗೂ ಕೆಲಸ ಸಿಗಲಿ ಎಂಬುದು ನೆಹರೂ ಅವರ ಆಸೆ. ಬ್ಯಾಂಕಿನವರು ಕಲಾ ವಿದ್ವಾಂಸ ಕಾರ್ಲ್ ಖಂಡಾಲಾವಾಲಾ ಅವರ ಸಲಹೆ ಕೇಳಿದರು. ಯಕ್ಷ ಯಕ್ಷಿಯ ಯೋಚನೆ ಬಂದದ್ದು ಅವರಿಂದ. ಯಕ್ಷ ಕುಬೇರನ ಪರಿವಾರ, ನಿಧಿ ಕಾಯುವವನು. ಬ್ಯಾಂಕಿಗೆ ಇದಕ್ಕಿಂತ ಹೊಂದುವವರು ಯಾರು? ಒಂಬತ್ತು ಕಲಾವಿದರಿಗೆ ಕರೆ ಹೋಯಿತು. ಉತ್ತರ ಬರೆದವರು ಐವರು. ಮಾದರಿ ಮಾಡಿ ಕಳಿಸಿದವರು ರಾಮ್‌ಕಿಂಕರ್ ಒಬ್ಬರೇ.

ಯಕ್ಷನಿಗೆ ಮಥುರಾ ಮ್ಯೂಸಿಯಂನ ಪಾರ್ಖಮ್ ಯಕ್ಷ ಮಾದರಿ. ಯಕ್ಷಿಗೆ ಕಲ್ಕತ್ತೆ ಮ್ಯೂಸಿಯಂನ ಬೆಸ್‌ನಗರದ ಯಕ್ಷಿ. ಕಲ್ಲು ಹುಡುಕಿ ಅವರು ಅಲೆದರು. ಕೊನೆಗೆ ಒಪ್ಪಿದ್ದು ಹಿಮಾಲಯದ ಬುಡದ ಕಾಂಗ್ರಾ ಕಣಿವೆಯಲ್ಲಿ, ಬೈಜನಾಥದ ಹತ್ತಿರದ ಮರಳುಗಲ್ಲನ್ನು. ಆ ಕಣಿವೆಯಲ್ಲಿ ಓಡುವುದು ಪುಟ್ಟ ನ್ಯಾರೋ ಗೇಜ್ ರೈಲು. ಅಷ್ಟು ದೊಡ್ಡ ಬಂಡೆಗಳನ್ನು ಅಲ್ಲಿಂದ ದೆಹಲಿಗೆ ತರುವುದೇ ಒಂದು ಯುದ್ಧ. ಐವತ್ತರ ದಶಕದ ನಡುವೆ ಶುರುವಾದ ಕೆಲಸ ಮುಗಿಯುವ ಹೊತ್ತಿಗೆ ಅರವತ್ತರ ದಶಕದ ಕೊನೆ ಹತ್ತಿರ ಬಂದಿತ್ತು. ಬ್ಯಾಂಕಿನ ಫೈಲುಗಳು ದಪ್ಪವಾದವು, ಶಿಲ್ಪಿಯ ಕೂದಲು ಬೆಳ್ಳಗಾಯಿತು.

ಮುಗಿದ ಮೇಲೆ ಗಲಾಟೆ. ಯಕ್ಷಿಗೆ ಬಟ್ಟೆ ಇಲ್ಲ ಎಂದು ರಾಜ್ಯಸಭೆಯಲ್ಲೂ ಪ್ರಶ್ನೆ ಎದ್ದಿತು. ಬೇಲೂರಿನ ಮದನಿಕೆಯರನ್ನು ಹೆಮ್ಮೆಯಿಂದ ತೋರಿಸುವ ನಾವು, ಅದೇ ಮೈ ಬ್ಯಾಂಕಿನ ಮುಂದೆ ನಿಂತರೆ ಮುಖ ತಿರುಗಿಸಿದೆವು. ಹಳೆಯದು ಮ್ಯೂಸಿಯಂನಲ್ಲೋ ಗುಡಿಯಲ್ಲೋ ಇರಲಿ, ಇವತ್ತಿನ ಬೀದಿಗೆ ಬರಬಾರದು ಎಂಬ ಹಿಂಜರಿಕೆ ಅದು. ಹಳೆಯ ಕಾಲವನ್ನು ಲಾಂಛನ ಮಾಡಿಕೊಂಡು ಹದಿನೈದು ವರ್ಷ ಕಳೆದಿತ್ತು. ಅದು ಜೀವ ಬಂದು ಎದುರು ನಿಂತಾಗ ನಮಗೆ ಕಷ್ಟವಾಯಿತು.

ನನಗೆ ಅನಿಸುವುದನ್ನು ನೇರವಾಗಿ ಹೇಳುತ್ತೇನೆ. ಆ ಜೋಡಿ ರಾಮ್‌ಕಿಂಕರ್ ಅವರ ಅತ್ಯುತ್ತಮ ಕೆಲಸ ಅಲ್ಲ. ಯಕ್ಷಿಯಲ್ಲಿ ಅವರ ಕೈ ಇದೆ, ಯಕ್ಷನಲ್ಲಿ ಬ್ಯಾಂಕಿನ ಕೈ ಜಾಸ್ತಿ ಇದೆ. ಹಲ್ಲುಚಕ್ರ, ಚೀಲ, ತೆನೆ ಎಂದು ಅರ್ಥಗಳನ್ನು ಮೇಲಿನಿಂದ ಹೊರಿಸಿದ ಹಾಗೆ ಕಾಣುತ್ತದೆ. ಶಾಂತಿನಿಕೇತನದ ಬಯಲಿನಲ್ಲಿ ಯಾರೂ ಕೇಳದೆ ಮಾಡಿದ್ದರಲ್ಲಿ ಇಂಥ ಒಂದು ಹೊರೆಯೂ ಇಲ್ಲ. ಆದರೂ ಒಂದು ಸರ್ಕಾರ ಒಬ್ಬ ಹಟಮಾರಿ ಶಿಲ್ಪಿಗಾಗಿ ಹತ್ತು ವರ್ಷಕ್ಕೂ ಮೀರಿ ಕಾದಿತು ಎಂಬುದು ಸಣ್ಣ ಮಾತಲ್ಲ. 1970ರಲ್ಲಿ ಅವರಿಗೆ ಪದ್ಮಭೂಷಣ ಬಂತು. 1980ರಲ್ಲಿ ತೀರಿಕೊಂಡರು.

ಎಲ್ಲರ ವಿಷಯದಲ್ಲೂ ಸರ್ಕಾರಕ್ಕೆ ಇಷ್ಟು ತಾಳ್ಮೆ ಇರಲಿಲ್ಲ. ಅಮರನಾಥ್ ಸೆಹಗಲ್ ಅವರ ಕಥೆ ಕೇಳಿ. ಇವತ್ತು ಪಾಕಿಸ್ತಾನದಲ್ಲಿರುವ ಕ್ಯಾಂಪ್‌ಬೆಲ್‌ಪುರದಲ್ಲಿ ಹುಟ್ಟಿದವರು. ದೆಹಲಿಯ ವಿಜ್ಞಾನ ಭವನಕ್ಕೆ ಒಂದು ಕಂಚಿನ ಭಿತ್ತಿಶಿಲ್ಪ ಬೇಕೆಂದು 1957ರಲ್ಲಿ ಅವರಿಗೆ ಹೇಳಿದರು. ಐದು ವರ್ಷ ದುಡಿದರು. 140 ಅಡಿ ಉದ್ದ, 40 ಅಡಿ ಎತ್ತರ. ಅದರಲ್ಲಿ ಇದ್ದದ್ದು ಹಳ್ಳಿಯ ಬದುಕು, ದುಡಿಯುವ ಜನ. ದೇಶದೇಶದ ಪ್ರತಿನಿಧಿಗಳು ಆ ಭವನದ ಒಳಗೆ ಕಾಲಿಟ್ಟಾಗ ಮೊದಲು ಕಾಣುತ್ತಿದ್ದುದು ಅದು.

1979ರಲ್ಲಿ ಕಟ್ಟಡದ ರಿಪೇರಿ ನಡೆಯಿತು. ಭಿತ್ತಿಶಿಲ್ಪವನ್ನು ಗೋಡೆಯಿಂದ ಕಿತ್ತು ಗೋಡೌನಿಗೆ ಹಾಕಿದರು. ಶಿಲ್ಪಿಗೆ ಒಂದು ಮಾತು ಹೇಳಲಿಲ್ಲ. ತುಂಡುಗಳು ಮುರಿದವು, ಕೆಲವು ಕಾಣೆಯಾದವು. ಸೆಹಗಲ್ ಅಲೆದು ಅಲೆದು ಕೊನೆಗೆ 1992ರಲ್ಲಿ ದೆಹಲಿ ಹೈಕೋರ್ಟ್ ಬಾಗಿಲು ತಟ್ಟಿದರು. ಸರ್ಕಾರದ ವಾದ ಇಷ್ಟೇ: ದುಡ್ಡು ಕೊಟ್ಟು ಕೊಂಡಿದ್ದೇವೆ, ನಮ್ಮದು, ಏನು ಬೇಕಾದರೂ ಮಾಡುತ್ತೇವೆ. 2005ರ ಫೆಬ್ರವರಿಯಲ್ಲಿ ತೀರ್ಪು ಬಂತು. ಕೊಂಡ ಮಾತ್ರಕ್ಕೆ ಕೃತಿಯನ್ನು ಹಾಳುಮಾಡುವ ಹಕ್ಕು ಸಿಗುವುದಿಲ್ಲ, ಮಾಡಿದವನಿಗೆ ಅದರ ಮೇಲೆ ನೈತಿಕ ಹಕ್ಕು ಉಳಿದೇ ಇರುತ್ತದೆ ಎಂದು ನ್ಯಾಯಾಲಯ ಹೇಳಿತು. ಉಳಿದ ತುಂಡುಗಳನ್ನು ಶಿಲ್ಪಿಗೆ ಒಪ್ಪಿಸಿ, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಅವರಿಗೆ ಆಗ ಎಂಬತ್ತು ದಾಟಿತ್ತು. ಕಾನೂನು ಓದುವ ಹುಡುಗ ಹುಡುಗಿಯರೆಲ್ಲ ಈ ಕೇಸ್ ಓದುತ್ತಾರೆ. ಆ ಶಿಲ್ಪ ಹೇಗಿತ್ತು ಎಂದು ಮಾತ್ರ ಇನ್ನು ಯಾರೂ ಪೂರ್ತಿಯಾಗಿ ನೋಡಲಾರರು.

ಆ ಕಂಚು ಬಿದ್ದದ್ದು ದ್ವೇಷದಿಂದಲ್ಲ, ಮರೆವಿನಿಂದ. ಅದೇ ನನಗೆ ಜಾಸ್ತಿ ನೋವು ಕೊಡುತ್ತದೆ. 1962ರಲ್ಲಿ ದೇಶ ತನ್ನದು ಎಂದು ತೋರಿಸಿಕೊಂಡ ರೈತನ ಮುಖ 1979ರಲ್ಲಿ ಸುಮ್ನೆ ಒಂದು ಅಡ್ಡಿಯಾಗಿತ್ತು.

ಆಮೇಲಿನ ಕಥೆ ನಿಮಗೆ ಗೊತ್ತೇ ಇದೆ. ಪ್ರತಿಮೆಗಳು ಮತ್ತೆ ನಾಯಕರದಾದವು, ಮತ್ತೆ ಎತ್ತರವಾದವು. ರಾಮ್ ಸುತಾರ್ ಅವರ ದಾರಿಯನ್ನೇ ನೋಡಿ. ಐವತ್ತರ ದಶಕದಲ್ಲಿ ಅವರು ಪುರಾತತ್ವ ಇಲಾಖೆಯಲ್ಲಿದ್ದು ಅಜಂತಾ ಎಲ್ಲೋರದ ಮುರಿದ ಶಿಲ್ಪಗಳನ್ನು ಸರಿಪಡಿಸುತ್ತಿದ್ದರು. ಅವರಿಗೆ ಹೆಸರು ತಂದದ್ದು ಗಾಂಧಿಸಾಗರ ಅಣೆಕಟ್ಟಿನ ಹತ್ತಿರದ 45 ಅಡಿಯ ಚಂಬಲ್ ತಾಯಿ. ನದಿಯೇ ತಾಯಿ, ಅವಳ ಪಕ್ಕ ಇಬ್ಬರು ಮಕ್ಕಳು, ಮಧ್ಯಪ್ರದೇಶ ಮತ್ತು ರಾಜಸ್ಥಾನ. ನೀರು ಹಂಚಿಕೊಂಡು ಬಾಳಿ ಎಂದು ಹೇಳಲು ಇದಕ್ಕಿಂತ ಚೆಂದದ ರೀತಿ ಇದೆಯೇ? ಕಾವೇರಿ ದಡದವನಾದ ನನಗೆ ಅದನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ. ಅದೇ ಸುತಾರ್ ಕೈಯಿಂದ 2018ರಲ್ಲಿ 182 ಮೀಟರಿನ ಸರ್ದಾರ್ ಪಟೇಲ್ ಬಂದರು. 2022ರಲ್ಲಿ ನಮ್ಮ ವಿಮಾನ ನಿಲ್ದಾಣದಲ್ಲಿ 108 ಅಡಿಯ ಕೆಂಪೇಗೌಡರು ನಿಂತರು. ಅದೇ ವರ್ಷ ದೆಹಲಿಯ ಖಾಲಿ ಮಂಟಪವೂ ತುಂಬಿತು. ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ 28 ಅಡಿಯ ಕರಿಕಲ್ಲಿನ ಸುಭಾಷ್ ಚಂದ್ರ ಬೋಸ್ ಅಲ್ಲಿ ಸೆಲ್ಯೂಟ್ ಹೊಡೆದು ನಿಂತಿದ್ದಾರೆ. ಕೈಕೆಲಸ ಅಚ್ಚುಕಟ್ಟು. ಮೈಸೂರಿನ ಉಳಿ ಅಲ್ಲಿಗೆ ಮುಟ್ಟಿತಲ್ಲ ಎಂದು ನನಗೂ ಸಂತೋಷವಾಯಿತು. ಆದರೆ ಚಕ್ರವರ್ತಿಗೆಂದು ಅಳತೆ ಮಾಡಿ ಕಟ್ಟಿದ ಆ ಜಾಗ ಒಳಗೆ ನಿಂತ ಯಾರನ್ನೇ ಆದರೂ ಚಕ್ರವರ್ತಿ ಮಾಡಿಬಿಡುತ್ತದೆ. ಬರಿಗೈಯಲ್ಲಿ ಸೈನ್ಯ ಕಟ್ಟಿದ ಮನುಷ್ಯ ಅಲ್ಲಿ ಕಾಣುವುದಿಲ್ಲ. ಪಟ್ನಾದ ಏಳು ಹುಡುಗರನ್ನು ನೋಡಿದಾಗ ನನ್ನ ಗಂಟಲು ಕಟ್ಟಿತ್ತು. ಇಲ್ಲಿ ಹಾಗಾಗಲಿಲ್ಲ.

ಇನ್ನು ನಮ್ಮದೇ ವಿಧಾನಸೌಧ. ಅದನ್ನು ಕಟ್ಟಡ ಎಂದಷ್ಟೇ ನೋಡುತ್ತೇವೆ. ನನಗೆ ಅದು ಹೊಸ ಕಾಲದ ಅತಿ ದೊಡ್ಡ ಕಲ್ಲಿನ ಕೆತ್ತನೆಗಳಲ್ಲಿ ಒಂದು. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಇದ್ದ ನಕ್ಷೆ ಸರಳವಾದದ್ದು. ಮರುವರ್ಷ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿಯಾಗಿ ಅದನ್ನು ಬದಲಿಸಿದರು. ಬೆಂಗಳೂರು ಸುತ್ತಿ ನೋಡಿದ ರಷ್ಯಾದ ಅತಿಥಿಗಳು, ಇಲ್ಲಿರುವುದೆಲ್ಲ ಯುರೋಪಿನ ಕಟ್ಟಡ, ನಿಮ್ಮದೇ ಎಂಬುದು ಏನೂ ಇಲ್ಲವೇ ಎಂದು ಕೇಳಿದರಂತೆ. ಆ ಮಾತು ಹನುಮಂತಯ್ಯನವರಿಗೆ ನಾಟಿತು ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಇಂಜಿನಿಯರ್ ಮಾಣಿಕ್ಯಂ ಅವರ ಜೊತೆ ಕೂತು, ಗುಡಿಗಳ ಕಂಬ, ಕಂಬದ ತಲೆಯ ಬೋದಿಗೆ, ಕೀರ್ತಿಮುಖ ಎಲ್ಲವನ್ನೂ ಸರ್ಕಾರಿ ಕಟ್ಟಡಕ್ಕೆ ತಂದರು. ಬೆಂಗಳೂರಿನ ಗ್ರಾನೈಟ್, ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು. ಮುಂಭಾಗದಲ್ಲಿ 40 ಅಡಿಯ ಹನ್ನೆರಡು ಕಂಬ. ಖರ್ಚು ಒಂದೂಮುಕ್ಕಾಲು ಕೋಟಿ ದಾಟಿತು, ಟೀಕೆ ಜೋರಾಯಿತು. 1956ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಹನುಮಂತಯ್ಯ ಕುರ್ಚಿ ಬಿಟ್ಟಿದ್ದರು. ಅದೇ ನವೆಂಬರಿನಲ್ಲಿ ಧಾರವಾಡ, ಕಲಬುರಗಿ, ಮಂಗಳೂರು ಎಲ್ಲ ಒಂದೇ ರಾಜ್ಯವಾದವು. ಹಳೆ ಮೈಸೂರಿನವರು ಕಟ್ಟಿಕೊಂಡ ಮುಖ ಎಲ್ಲ ಕನ್ನಡಿಗರ ಮುಖವಾಯಿತು.

ಅಲ್ಲಿ ದುಡಿದವರು ಸುಮಾರು 5000 ಕೂಲಿಗಳು. ಅವರ ಜೊತೆ ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ಸೇರಿ 1500 ಜನ. ಜೈಲಿನ ಕೈದಿಗಳೂ ಇದ್ದರು. ಹನುಮಂತಯ್ಯನವರ ಹೆಸರು ನಮಗೆ ಗೊತ್ತು, ಮಾಣಿಕ್ಯಂ ಹೆಸರೂ ಗೊತ್ತು. ಆ 1500 ಜನರಲ್ಲಿ ಒಬ್ಬರ ಹೆಸರನ್ನಾದರೂ ನೀವು ಕೇಳಿದ್ದೀರಾ? ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಮದನಿಕೆಯರ ಕಾಲ ಕೆಳಗೆ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೊಯ್ಸಳರ ರಾಜರ ಕಾಲದಲ್ಲಿ ಕಲ್ಲು ಕೆತ್ತಿದವನಿಗೆ ತನ್ನ ಹೆಸರು ಕೊರೆಯುವ ಧೈರ್ಯವಿತ್ತು, ಅವಕಾಶವಿತ್ತು. ಪ್ರಜೆಗಳ ರಾಜ್ಯದಲ್ಲಿ ಕೆತ್ತಿದವರ ಹೆಸರು ನಮ್ಮ ಬಾಯಲ್ಲಿ ಇಲ್ಲ.

ಆ ಕೆಲಸದಲ್ಲಿದ್ದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಬೆಂಗಳೂರಿನ ಸುತ್ತಮುತ್ತ, ಮಾಗಡಿ, ದೇವನಹಳ್ಳಿ, ತುರುವೇಕೆರೆ ಕಡೆ ಇದ್ದೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ವಿಧಾನಸೌಧದ ಕಲ್ಲಿಗೆ ಉಳಿ ಹಿಡಿದವರಿದ್ದರೆ, ಅವರ ಹೆಸರು, ಊರು, ಯಾವ ಕಂಬ ಯಾವ ಬೋದಿಗೆ ಎಂಬ ನೆನಪು ಏನಾದರೂ ಇದ್ದರೆ, ದಯವಿಟ್ಟು ಬರೆದಿಡಿ. ಮನೆಯ ಹಿರಿಯರನ್ನು ಈ ವಾರವೇ ಕೇಳಿ. ಆ ಹೊತ್ತಿನಲ್ಲಿ ಇಪ್ಪತ್ತರ ಹುಡುಗರಾಗಿದ್ದವರು ಈಗ ತೊಂಬತ್ತು ದಾಟಿರುತ್ತಾರೆ.